ಗುಡ್ಡದ ಹಿಂದೆ ಇಳಿದ ಬೆಳಕು

2025ರ ಜನವರಿ 18ರ ಬೆಳಿಗ್ಗೆ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಮನೆಯೊಂದರ ಮೇಲೆ ಆಕಾಶದಿಂದ ಭಾರೀ ಬಲೂನೊಂದು ಬಂದು ಬಿತ್ತು. ಅದರ ಜೊತೆಗೆ ಯಾವುದೋ ಯಂತ್ರವೂ ಇತ್ತು. ಊರಿಗೆ ಊರೇ ಗಾಬರಿಯಾಗಿ ಸೇರಿತು, ಪೊಲೀಸರು ಬಂದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಹೈದರಾಬಾದಿನ ತಮ್ಮ ಕೇಂದ್ರದಿಂದ ಹಾರಿಬಿಟ್ಟ ವೈಜ್ಞಾನಿಕ ಬಲೂನು ಅದು ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿಗೆ ಸುದ್ದಿ ಮುಗಿಯಿತು.

ಇದೇ ಜಲಸಂಗಿಯ ಚಾಲುಕ್ಯರ ಕಾಲದ ದೇಗುಲದಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಅವಳು ಕಲ್ಲಿನಲ್ಲಿ ಬರೆಯುತ್ತಿರುವ ಭಂಗಿಯನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಅಂಥ ಊರಿನವರು ಆ ಬೆಳಿಗ್ಗೆ ಕಂಡದ್ದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕಿತ್ತು ಎಂದು ನನಗೆ ಅನಿಸಿತು. ಬೀಳುವ ಮುಂಚೆ ಅದು ಎಷ್ಟು ಹೊತ್ತು ಬಾನಿನಲ್ಲಿ ಕಂಡಿತು? ಯಾವ ದಿಕ್ಕಿನಿಂದ ಬಂತು? ಮೊದಲು ನೋಡಿದವರು ಅದನ್ನು ಏನೆಂದು ಕರೆದರು? ಬಲೂನಿನ ಒಡೆಯರು ಯಾರೆಂದು ತಿಳಿದ ಕೂಡಲೇ ಈ ಪ್ರಶ್ನೆಗಳು ಯಾರಿಗೂ ಬೇಡವಾಗುತ್ತವೆ. ನನಗೆ ಬೇಕಾದದ್ದು ಇವೇ.

ಹುಬ್ಬಳ್ಳಿ-ಧಾರವಾಡದಿಂದ ಸುತ್ತಲಿನ ಹಳ್ಳಿಗಳಿಗೆ ಯಾವ ಕೆಲಸದ ಮೇಲೆ ಹೋದರೂ, ರಾತ್ರಿ ಬಾನಿನಲ್ಲಿ ಗುರುತು ಹತ್ತದ್ದೇನಾದರೂ ಕಂಡಿತ್ತೇ ಎಂದು ಕೇಳಿ ಬರೆದುಕೊಳ್ಳುವ ರೂಢಿ ನನಗೆ ಹಲವು ವರ್ಷಗಳಿಂದ ಇದೆ. ಪತ್ರಿಕೆ, ಟಿವಿಗಳು ಇದನ್ನು ಯುಎಫ್‌ಒ ಎನ್ನುತ್ತವೆ, ಹಾರುವ ತಟ್ಟೆ ಎನ್ನುತ್ತವೆ. ಹಳ್ಳಿಯಲ್ಲಿ ಆ ಹೆಸರು ಎತ್ತಿದರೆ ಮಾತು ಸಿನಿಮಾದ ಕಡೆ ತಿರುಗಿಬಿಡುತ್ತದೆ. ‘ರಾತ್ರಿ ಮ್ಯಾಲ ಏನರ ಬ್ಯಾರೆ ಥರಾ ಕಂಡಿತ್ತೇನ್ರಿ?’ ಎಂದಷ್ಟೇ ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಬೇಕು.

ಯಾರನ್ನು ಕೇಳಬೇಕು ಎನ್ನುವುದು ಅದಕ್ಕಿಂತ ಮುಖ್ಯ. ರಾತ್ರಿ ಎಚ್ಚರ ಇರುವವರನ್ನು ಕೇಳಬೇಕು. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಎದ್ದು ಹೋಗಿ ಮೋಟರ್ ಚಾಲೂ ಮಾಡಿ, ಬೆಳಗಾಗುವವರೆಗೆ ಕಬ್ಬಿಗೋ ಗೋವಿನಜೋಳಕ್ಕೋ ನೀರು ಹಾಯಿಸುವ ರೈತರಿದ್ದಾರೆ. ಸುಗ್ಗಿಯಲ್ಲಿ ಕಣದಲ್ಲೇ ಮಲಗಿ ರಾಶಿ ಕಾಯುವವರಿದ್ದಾರೆ. ಊರಿಂದ ಊರಿಗೆ ಕುರಿ ಹೊಡೆದುಕೊಂಡು ಹೋಗಿ, ಕಂಡವರ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುವ ಕುರುಬರಿದ್ದಾರೆ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಧಾರವಾಡದ ಸೀಮೆಯಿಂದ ಕಾಡಿನ ಹಾದಿ ಹಿಡಿಯುವ ಭಕ್ತರಿದ್ದಾರೆ. ಇವರೆಲ್ಲ ವರ್ಷದಲ್ಲಿ ಎಷ್ಟೋ ರಾತ್ರಿ ಮಾಳಿಗೆಯಿಲ್ಲದೆ ಕಳೆಯುವವರು. ಯಾವುದು ದಿನಾ ಕಾಣುವಂಥದ್ದು, ಯಾವುದು ಅಲ್ಲ ಎಂಬ ಅಂದಾಜು ಪೇಟೆಯ ನಮಗಿಂತ ಅವರಿಗೆ ಹೆಚ್ಚು ಇರುತ್ತದೆ. ಹಳ್ಳಿಯವರು ಹೆದರುಪುಕ್ಕಲರು, ಏನೋ ನೋಡಿ ಏನೋ ಅಂದುಕೊಳ್ಳುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಕಂಡದ್ದು ನಿಜವಾಗಿಯೂ ಅಲ್ಲಿತ್ತು ಎಂಬ ನಂಬಿಕೆಯಿಂದಲೇ ನಾನು ಬರೆದುಕೊಳ್ಳಲು ಕೂರುವುದು. ಅದು ಏನೆಂಬುದನ್ನು ಕಂಡುಹಿಡಿಯುವುದು ಆಮೇಲಿನ ಕೆಲಸ.

ನವಲಗುಂದದ ಕಡೆ, ಎರಿ ಹೊಲದ ಬದುವಿನ ಮೇಲೆ ಕೂತು ಕೇಳಿದ ಒಂದು ಸಂಗತಿ ಹೇಳುತ್ತೇನೆ. ಹೇಳಿದವರು ಎಪ್ಪತ್ತು ದಾಟಿದ ರೈತರು. 2025ರ ಸಂಕ್ರಾಂತಿಯ ಸುಮಾರಿಗೆ ಕಡ್ಲಿ ಹೊಲ ಕಾಯಲು ಮಲಗಿದ್ದಾಗ ಪಡುವಣದಲ್ಲಿ ಬೆಳಕೊಂದು ಕಂಡಿತಂತೆ.

‘ನೆಟ್ಟಗ ಇಳೀತಪಾ, ಗುಡ್ಡದ ಹಿಂದ. ಸಪ್ಪಳಿಲ್ಲ, ಏನಿಲ್ಲ.’

‘ಮೊದಲ ಕಂಡಾಗ ಎಷ್ಟ ಎತ್ತರ ಇತ್ರಿ ಅಜ್ಜಾರ?’

‘ಆ ಬೇವಿನ ಗಿಡ ಐತಲಾ, ಅದರ ಮ್ಯಾಲ ಎರಡಾಳು. ಬಣ್ಣಾ ತಿರುವ್ತಿತ್ತು. ಒಮ್ಮೆ ಕೆಂಪು, ಒಮ್ಮೆ ಹಸರು. ನಮ್ಮ ಹುಡುಗ್ರನ್ನ ಎಬ್ಬಿಸಿದೆ. ಎಲ್ಲಾರೂ ನೋಡ್ಯಾರ.’

‘ಮರುದಿನ ಹೋಗಿ ನೋಡಿದ್ರೇನ್ರಿ?’

‘ಹೋಗಿದ್ವಿ. ಒಂದ ಕಡ್ಲಿ ಗಿಡಾನೂ ಮುರದಿದ್ದಿಲ್ಲ.’

ಇಂಥ ಮಾತು ಕೇಳಿದಾಗ ನಾನು ಮಾಡುವ ಮೊದಲ ಕೆಲಸ, ಎತ್ತರವನ್ನು ಮುಷ್ಟಿಯಲ್ಲಿ ಅಳೆಸುವುದು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದು ಬಾನಿನಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಕಿರುಬೆರಳು 1 ಡಿಗ್ರಿ. ಹುಣ್ಣಿಮೆ ಚಂದ್ರ ಬರೀ ಅರ್ಧ ಡಿಗ್ರಿ. ಎರಡಾಳು, ಮೂರು ಮಾರು ಎಂಬ ಮಾತುಗಳು ದೂರ ಗೊತ್ತಿದ್ದಾಗ ಮಾತ್ರ ಅಳತೆ. ಬಾನಿನಲ್ಲಿರುವ ವಸ್ತುವಿನ ದೂರ ನೋಡುವವನಿಗೆ ತಿಳಿಯುವುದೇ ಇಲ್ಲ. ಅಜ್ಜ ತಾವು ಮಲಗಿದ್ದ ಜಾಗಕ್ಕೇ ಹೋಗಿ ನಿಂತು, ಕೈ ಚಾಚಿ ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ತೋರಿಸಿದರು: ಎರಡು ಮುಷ್ಟಿಗೆ ತುಸು ಕಡಿಮೆ. ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದರೆ, ಎರಡು ಬೀಡಿ ಸೇದಿ, ಹುಡುಗರನ್ನು ಎಬ್ಬಿಸಿ, ಮಾತಾಡಿ ಮುಗಿಸುವಷ್ಟು. ಒಂದು ತಾಸಿನ ಮೇಲೆ.

ಈ ಎರಡು ಅಳತೆ ಸಾಕು. ಭೂಮಿ ತಾಸಿಗೆ 15 ಡಿಗ್ರಿ ತಿರುಗುತ್ತದೆ. ಆದ್ದರಿಂದ ಮುಳುಗುತ್ತಿರುವ ಯಾವುದೇ ಚಿಕ್ಕಿ ಅಥವಾ ಗ್ರಹ ನಮ್ಮ ಕಡೆ ಹೆಚ್ಚುಕಡಿಮೆ 40 ನಿಮಿಷಕ್ಕೆ ಒಂದು ಮುಷ್ಟಿ ಇಳಿಯುತ್ತದೆ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಗ್ರಹ-ನಕ್ಷತ್ರಗಳು ದಿಗಂತಕ್ಕೆ ಬಹುಮಟ್ಟಿಗೆ ಲಂಬವಾಗಿ ಇಳಿಯುತ್ತವೆ. ಯುರೋಪಿನಲ್ಲಾದರೆ ಅವು ಓರೆಯಾಗಿ ಜಾರಿಕೊಂಡು ಹೋಗಿ ಮುಳುಗುತ್ತವೆ. ಬೆಳಕು ಬಂದು ಗುಡ್ಡದ ಹಿಂದೆ ‘ಇಳಿಯಿತು’ ಎಂಬ ಮಾತು ನಮ್ಮ ಸೀಮೆಯಲ್ಲಿ ಇಷ್ಟು ಸಲ ಕೇಳಿಬರಲು ಇದೇ ದೊಡ್ಡ ಕಾರಣ ಎಂದು ನನ್ನ ಲೆಕ್ಕ. ‘ನೆಟ್ಟಗ’ ಎಂಬ ಆ ಅಜ್ಜನ ಮಾತು ಅಕ್ಷರಶಃ ಸರಿ.

ಅದು ಶುಕ್ರ. 2025ರ ಜನವರಿಯಲ್ಲಿ ಶುಕ್ರ ಸಂಜೆಯ ಪಡುವಣ ಬಾನಿನಲ್ಲಿ ಬಹಳ ಪ್ರಖರವಾಗಿದ್ದ. ಜನವರಿ 10ರ ಹೊತ್ತಿಗೆ ಸೂರ್ಯನಿಂದ ಅತಿ ಹೆಚ್ಚು ದೂರ, 47 ಡಿಗ್ರಿ, ಸರಿದು ನಿಂತಿದ್ದ. ಮುಳುಗುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು. ದಿಗಂತದ ಹತ್ತಿರ ಬಂದಾಗ ಅದರ ಬೆಳಕು ನಮ್ಮ ಕಣ್ಣಿಗೆ ತಲುಪಲು ಬಹಳ ದಪ್ಪದ ಗಾಳಿಯನ್ನು ಹಾಯ್ದು ಬರಬೇಕು. ಹಗಲೆಲ್ಲ ಕಾದ ಎರಿ ನೆಲದ ಮೇಲೆ ರಾತ್ರಿಯ ತಂಪು ಇಳಿಯುವಾಗ ಬಿಸಿ ತಣ್ಣನೆಯ ಗಾಳಿಯ ಪದರಗಳು ಒಂದರ ಮೇಲೊಂದು ಅಲುಗಾಡುತ್ತಿರುತ್ತವೆ. ಅದರಲ್ಲಿ ಹಾಯ್ದ ಬೆಳಕು ಬಣ್ಣಬಣ್ಣವಾಗಿ ಒಡೆದು ಮಿನುಗುತ್ತದೆ. ಸುತ್ತ ಕತ್ತಲಿದ್ದು ನಡುವೆ ಒಂದೇ ಬೆಳಕು ಇದ್ದರೆ, ನಿಂತದ್ದೂ ಅಲುಗಿದಂತೆ ತೋರುತ್ತದೆ. ಕಣ್ಣಾಲಿ ತನಗೇ ಅರಿವಿಲ್ಲದೆ ಸಣ್ಣಗೆ ಚಲಿಸುವುದರಿಂದ ಹೀಗಾಗುತ್ತದೆ.

ಫೋನಿನಲ್ಲಿ ಸ್ಟೆಲೇರಿಯಂ ಎಂಬ ತಂತ್ರಾಂಶ ತೆರೆದು, ಆ ದಿನಾಂಕಕ್ಕೆ ಬಾನನ್ನು ಹಿಂದಕ್ಕೆ ತಿರುಗಿಸಿ ಅಜ್ಜನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ‘ಬೆಳ್ಳಿ ಚಿಕ್ಕಿ ನನಗ ಗೊತ್ತಿಲ್ಲೇನಪಾ? ಅದು ನಸಿಕಿನ್ಯಾಗ ಮೂಡೂದು’ ಎಂದರು. ಶುಕ್ರ ಕೆಲವು ತಿಂಗಳು ಬೆಳಗಿನ ಜಾವ, ಕೆಲವು ತಿಂಗಳು ಸಂಜೆ ಕಾಣುವುದನ್ನು ವಿವರಿಸಿದೆ. ‘ಇರಬಹುದು. ಆದ್ರ ಅವತ್ತ ಅದು ಹಂಗ ಕಾಣಲಿಲ್ಲ’ ಎಂದರು. ಈ ಎರಡು ವಾಕ್ಯಗಳನ್ನೂ ನಾನು ಹಾಗೇ ಬರೆದುಕೊಂಡೆ. ಅಜ್ಜನ ಅನುಭವದ ಸಾಕ್ಷಿ ಅದು. ನನ್ನ ವಿವರಣೆ ಅದನ್ನು ಅಳಿಸಬಾರದು.

ಶುಕ್ರನನ್ನು ಗುರುತಿಸದೆ ಹೋಗುವುದು ನಾಚಿಕೆಯ ವಿಷಯವೇನೂ ಅಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಬಾನಿನಲ್ಲಿ ಬೆಳಗುವ ವಸ್ತುಗಳನ್ನು 329 ಸಲ ದಾಖಲಿಸಿದರು. ಚೀನಾದ ಬೇಹುಗಾರಿಕೆ ಡ್ರೋನ್‌ಗಳಿರಬಹುದು ಎಂಬ ಸಂಶಯ ಇತ್ತು. ಅವುಗಳಲ್ಲಿ 155 ಸಲ ಅವು ಗಡಿರೇಖೆ ದಾಟಿ ಬಂದವು ಎಂದೂ ಬರೆದಿದ್ದರು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೆರವು ಕೇಳಲಾಯಿತು. ಖಗೋಳ ವಿಜ್ಞಾನಿಗಳು ನೋಡಿ ಹೇಳಿದ್ದು: ಅವು ಗುರು ಮತ್ತು ಶುಕ್ರ. ಕಾವಲು ಕಾಯುವುದನ್ನೇ ತರಬೇತಿಯಾಗಿ ಪಡೆದ ಯೋಧರು ಆ ಎತ್ತರದ ತಿಳಿ ಗಾಳಿಯಲ್ಲಿ ಗ್ರಹಗಳನ್ನು ಬೇರೇನೋ ಎಂದುಕೊಂಡರು. ಆದರೆ ಅವರು ಕಂಡದ್ದನ್ನು ಬರೆದಿಟ್ಟಿದ್ದರು. ಬರೆದಿಟ್ಟದ್ದರಿಂದಲೇ ಅದು ಪರೀಕ್ಷೆಗೆ ಬಂತು.

ಶುಕ್ರ ಎಲ್ಲದಕ್ಕೂ ಉತ್ತರವಲ್ಲ. ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಸರಿಯಲಾರದ ಗ್ರಹ ಅದು. ರಾತ್ರಿ ಹತ್ತೂವರೆಯ ಮೇಲೆ ನಮ್ಮ ಪಡುವಣದಲ್ಲಿ ಇರಲಾರದು. ಚಳಿಗಾಲದ ನಡುರಾತ್ರಿ ‘ತೆಂಕಣದಾಗ ತಗ್ಗಿನ್ಯಾಗ ಬಣ್ಣದ ದೀಪ ನಿಂತಿತ್ತು’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅಗಸ್ತ್ಯ ನಕ್ಷತ್ರವನ್ನು ನೆನೆಯುತ್ತೇನೆ. ಬಾನಿನಲ್ಲಿ ಲುಬ್ಧಕದ ನಂತರ ಅತಿ ಹೆಚ್ಚು ಹೊಳೆಯುವ ಚಿಕ್ಕಿ ಅದು. ಧಾರವಾಡದಿಂದ ನೋಡಿದರೆ 22 ಡಿಗ್ರಿಗಿಂತ, ಅಂದರೆ ಎರಡು ಮುಷ್ಟಿಗಿಂತ ಸ್ವಲ್ಪ ಮೇಲೆ, ಎಂದೂ ಏರುವುದಿಲ್ಲ.

ಇನ್ನು ಕೆಲವು ಬೆಳಕುಗಳು ಹೊಸವು. ಮುಂಡರಗಿಯ ಕಡೆ ಕುರಿ ತರುಬಿದ್ದ ಕುಟುಂಬವೊಂದರ ಹೆಣ್ಣುಮಗಳು ಹೇಳಿದ್ದನ್ನು ಕೇಳಿ: ‘ಸಾಲಾಗಿ ಬಂದ್ವು ಅಣ್ಣಾರ, ತೇರಿನ ಮಿಣಿ ಎಳದಂಗ. ನಾ ಎಣಿಸಿದೆ. ನಲವತ್ತರ ಮ್ಯಾಲ ಆದ್ವು. ಒಂದೂ ಸಾಲ ಬಿಡಲಿಲ್ಲ.’ ಅವರ ಗಂಡ ಆಗಲೇ ಅದನ್ನು ದೇವರ ಸವಾರಿ ಎಂದಿದ್ದರಂತೆ. ಈಕೆ ಏನನ್ನೂ ಅನ್ನದೆ ಎಣಿಸಿದರು. ಸಂಜೆ ಕುರಿ ಬಲೆಯೊಳಗೆ ಹೋಗುವಾಗ ದಿನವೂ ಎಣಿಸುವ ಕಣ್ಣು ಅವರದು. ನನ್ನ ಪುಸ್ತಕದಲ್ಲಿರುವ ಅತ್ಯಂತ ಒಳ್ಳೆಯ ಸಾಕ್ಷಿಗಳಲ್ಲಿ ಇದೊಂದು.

ಅವರು ಕಂಡದ್ದು ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಿನಲ್ಲಿ ಮೊದಲ ಕಂತಿನ 60 ಉಪಗ್ರಹಗಳನ್ನು ಹಾರಿಸಿತು. ಈಗ ಅವು ಸಾವಿರಾರು. ರಾಕೆಟ್ಟಿನಿಂದ ಬಿಡುಗಡೆಯಾದ ಮೊದಲ ಕೆಲವು ದಿನ ಅವು ಒಂದರ ಹಿಂದೊಂದು ಹತ್ತಿರ ಹತ್ತಿರವೇ ಸಾಗುತ್ತವೆ. ಆಮೇಲೆ ಮೇಲಿನ ಕಕ್ಷೆಗೆ ಏರುತ್ತ ಬೇರೆ ಬೇರೆಯಾಗುತ್ತವೆ. ಕತ್ತಲಾದ ಒಂದೆರಡು ತಾಸು, ಬೆಳಗಾಗುವ ಮುಂಚಿನ ಒಂದೆರಡು ತಾಸು ಮಾತ್ರ ಹೀಗೆ ಹೊಳೆಯುತ್ತವೆ. ನೆಲಕ್ಕೆ ಕತ್ತಲು ಬಿದ್ದರೂ ಆ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. 2021ರ ಡಿಸೆಂಬರಿನಲ್ಲಿ ಮಂಗಳೂರು, ಉಡುಪಿಯ ಜನ ಇದೇ ಸಾಲನ್ನು ಕಂಡು ಬೆರಗಾಗಿದ್ದರು. ಅದೇ ತಿಂಗಳ ಆರಂಭದಲ್ಲಿ ಪಂಜಾಬಿನಲ್ಲೂ ಕಂಡಿತ್ತು.

ಇನ್ನೊಂದು ಬಗೆ ಇದೆ. ಅದು ಕೆಳಗೆ ಬೀಳುವ ರಾಕೆಟ್ಟಿನ ತುಂಡು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳ ಬಾನಿನಲ್ಲಿ ಬೆಂಕಿಯ ಗೆರೆಗಳು ನಿಧಾನವಾಗಿ ಹಾಯ್ದುಹೋದವು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡ್‌ಬೋರಿಯಲ್ಲಿ ದೊಡ್ಡ ಲೋಹದ ಬಳೆಯೊಂದು ಬಿತ್ತು. ಸುತ್ತಲಿನ ಊರುಗಳಲ್ಲಿ ಲೋಹದ ಗುಂಡುಗಳು ಸಿಕ್ಕವು. ಹಿಂದಿನ ವರ್ಷ ಚೀನಾ ಹಾರಿಸಿದ್ದ ಲಾಂಗ್ ಮಾರ್ಚ್ ರಾಕೆಟ್ಟಿನ ಭಾಗ ಅದು ಎಂದು ಬಾಹ್ಯಾಕಾಶ ತಜ್ಞರು ಗುರುತಿಸಿದರು. ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಉರಿದು ಮುಗಿಯುತ್ತದೆ. ರಾಕೆಟ್ಟಿನ ತುಂಡು ಸೆಕೆಂಡಿಗೆ 7–8 ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಬರುತ್ತ ಒಡೆಯುತ್ತದೆ. ನೋಡುವವರಿಗೆ ಒಂದು ನಿಮಿಷವಾದರೂ ಸಿಗುತ್ತದೆ. ಆದ್ದರಿಂದ ‘ಎಷ್ಟೊತ್ತು ಕಂಡಿತು?’ ಎಂಬ ಪ್ರಶ್ನೆಯನ್ನು ನಾನು ಎಂದೂ ಬಿಡುವುದಿಲ್ಲ. ‘ಅದನ್ನ ನೋಡಿ ಮನಿಯೊಳಗ ಹೋಗಿ ಅವ್ವನ ಕರಕೊಂಡ ಬಂದ್ರೂ ಇತ್ತೇನ್ರಿ?’ ಎಂದು ಕೇಳಿದರೆ ಯಾವ ಗಡಿಯಾರವೂ ಬೇಕಾಗುವುದಿಲ್ಲ.

ಟಿಐಎಫ್‌ಆರ್ ಬಲೂನುಗಳನ್ನು ಮಾತ್ರ ನಮ್ಮ ಉತ್ತರ ಕರ್ನಾಟಕದವರು ಚೆನ್ನಾಗಿ ತಿಳಿದುಕೊಂಡಿರಬೇಕು. ತೆಳು ಪಾಲಿಥೀನ್ ಹಾಳೆಯಿಂದ ಮಾಡಿ ಜಲಜನಕ ತುಂಬಿದ ಈ ಬಲೂನುಗಳು 50ರಿಂದ 85 ಮೀಟರ್ ಅಡ್ಡಳತೆಯವು. ರಾತ್ರಿಯಿಂದ ಬೆಳಗಿನ ಜಾವದೊಳಗೆ ಹಾರಿಸಿದಾಗ 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಏರುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಬಣ್ಣದ ಪ್ಯಾರಾಚೂಟ್ ಹಿಡಿದು, ಹೈದರಾಬಾದಿನಿಂದ 200–350 ಕಿಲೋಮೀಟರ್ ದೂರದಲ್ಲಿ, ವಿಶಾಖಪಟ್ಟಣ–ಹೈದರಾಬಾದ್–ಸೊಲ್ಲಾಪುರ ರೇಖೆಯ ಆಚೀಚೆ ಇಳಿಯುತ್ತವೆ. ಬೀದರ್, ಕಲಬುರಗಿಯ ಹೊಲಗಳು ಈ ಹಾದಿಯಲ್ಲಿಯೇ ಇವೆ. ಅಷ್ಟು ಎತ್ತರದಲ್ಲಿರುವ ಬಲೂನಿಗೆ ನಮಗಿಂತ ಇಪ್ಪತ್ತು ಇಪ್ಪತ್ತೈದು ನಿಮಿಷ ಮೊದಲೇ ಸೂರ್ಯ ಹುಟ್ಟುತ್ತಾನೆ. ಕೆಳಗೆ ನಸುಕಿರುವಾಗ ಮೇಲೆ ಬೆಳ್ಳಗೆ ಹೊಳೆಯುತ್ತ, ಸಪ್ಪಳವಿಲ್ಲದೆ, ಒಂದೇ ಕಡೆ ನಿಂತಂತೆ ಕಾಣುವ ವಸ್ತು ಏನೆಂದು ಎದ್ದು ಬಂದ ರೈತನಿಗೆ ಹೇಗೆ ಗೊತ್ತಾಗಬೇಕು? 2022ರ ಡಿಸೆಂಬರಿನಲ್ಲಿ ಸ್ಪೇನಿನ ಕಂಪನಿಯೊಂದರ ಪ್ರವಾಸಿ ಕೋಶದ ಮಾದರಿಯನ್ನು ಇಂಥದ್ದೇ ಬಲೂನಿನಲ್ಲಿ ಹಾರಿಸಿದಾಗ ಅದು ನೆರೆಯ ವಿಕಾರಾಬಾದ್ ಜಿಲ್ಲೆಯ ಹೊಲದಲ್ಲಿ ಇಳಿಯಿತು. ಸುತ್ತಲಿನ ಜನ ಓಡಿ ಬಂದು ನೋಡಿದರು. ನಮ್ಮ ಚಿತ್ರದುರ್ಗದಲ್ಲೂ ಹೀಗಾಗಿದೆ. ಚಳ್ಳಕೆರೆಯ ಹತ್ತಿರ ಡಿಆರ್‌ಡಿಒ ಪರೀಕ್ಷಾ ವಲಯವಿದೆ. ಅಲ್ಲಿಂದ ಹಾರಿದ ಡ್ರೋನ್‌ಗಳು 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದವು. ಬಾನಿನಿಂದ ಬೀಳುವ ವಸ್ತು ಹೆಚ್ಚಾಗಿ ಬಡ ರೈತನ ಹೊಲಕ್ಕೇ ಬೀಳುತ್ತದೆ. ಹಾರಿಸುವವರು ಮುಂಚೆಯೇ ಆ ಊರುಗಳ ಪಂಚಾಯಿತಿ ಕಟ್ಟೆಗೆ, ಶಾಲೆಗೆ ಕನ್ನಡದಲ್ಲಿ ಚಿತ್ರಸಹಿತ ಸುದ್ದಿ ಮುಟ್ಟಿಸುವುದು ಅವರ ಹೊಣೆ ಎಂದೇ ನಾನು ತಿಳಿದಿದ್ದೇನೆ.

ಹುಬ್ಬಳ್ಳಿ-ಧಾರವಾಡ ಕುಳಿತ ಜಾಗವೇ ಈ ಸಂಗ್ರಹಕ್ಕೆ ಒಂದು ವರ. ಮೂಡಣಕ್ಕೆ ಹೋದರೆ ಬೆಳವಲ: ನವಲಗುಂದ, ಅಣ್ಣಿಗೇರಿ, ರೋಣ. ಮರ ಕಡಿಮೆ, ದಿಗಂತ ಪೂರ್ತಿ ಬಯಲು. ಅಲ್ಲಿಯ ಕಥೆಗಳು ದೂರದ ಬೆಳಕಿನವು. ಗದಗಿನ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಬಂದ ಮೇಲೆ ಅವುಗಳ ನೆತ್ತಿಯ ಕೆಂಪು ದೀಪಗಳೂ ಕಥೆ ಸೇರಿವೆ. ಕಂಬ ಕಾಣದಷ್ಟು ದೂರದಿಂದ ನೋಡಿದರೆ ಕತ್ತಲಲ್ಲಿ ಗಾಳಿಯಲ್ಲಿಯೇ ಕೆಂಪು ಚುಕ್ಕೆಗಳು ಹತ್ತಿ ಆರುತ್ತವೆ. ಪಡುವಣಕ್ಕೆ ಹೋದರೆ ಕಲಘಟಗಿ, ಅಳ್ನಾವರ: ಮಲೆನಾಡಿನ ಸೆರಗು. ಅಲ್ಲಿ ಬಾನು ಗಿಡಗಳ ನಡುವೆ ತುಂಡುತುಂಡಾಗಿ ಕಾಣುತ್ತದೆ. ಕಥೆಗಳು ನೆಲದ ಬೆಳಕಿನವು. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಮೂಡುವ ಹೊಳೆಯುವ ಅಣಬೆಗಳು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇವೆ. ಗದ್ದೆಯ ಬದುವಿನ ಗುಂಟ ಓಡುವ ಕೊಳ್ಳಿದೆವ್ವವಂತೂ ಅಜ್ಜಿಯರ ಕಾಲದಿಂದ ಇದೆ. ಒಂದೇ ತಾಸಿನ ದಾರಿಯಲ್ಲಿ ನೆಲ ಬದಲಾಗುತ್ತದೆ, ಅದರ ಜೊತೆ ಕಥೆಯೂ ಬದಲಾಗುತ್ತದೆ. ಬೇರೆ ಗ್ರಹದವರು ಬರುತ್ತಿದ್ದರೆ ಬೆಳವಲಕ್ಕೂ ಮಲೆನಾಡಿಗೂ ಈ ಭೇದ ಮಾಡುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೆಯ ಕಥೆಗಳಿಗೆ ದಿನಾಂಕ ಹಚ್ಚುವುದು ಕಷ್ಟ ಎನ್ನುತ್ತಾರೆ. ನನ್ನ ಅನುಭವ ಬೇರೆ. ‘ಶೀಗಿ ಹುಣ್ಣಿಮೆ ಎರಡ ದಿನಾ ಇತ್ತು’, ‘ಎಳ್ಳ ಅಮಾಸಿ ಚರಗಾ ಚೆಲ್ಲಿ ಬಂದ ರಾತ್ರಿ’ ಎಂದು ಹೇಳುವವರು ತಿಥಿಯನ್ನೇ ಕೊಡುತ್ತಾರೆ. ಅಂದು ಬೆಳದಿಂಗಳಿತ್ತೋ ಕತ್ತಲಿತ್ತೋ ಎಂಬುದು ಅದರಲ್ಲೇ ಬಂತು. ವರ್ಷ ಹುಡುಕುವುದಷ್ಟೇ ಉಳಿಯುತ್ತದೆ. ಮಗಳ ಮದುವೆ, ಬರಗಾಲ, ಮನೆ ಕಟ್ಟಿಸಿದ್ದು ಕೇಳಿದರೆ ಅದೂ ಸಿಗುತ್ತದೆ. ಹಿರಿಯರಿಗೆ ಎರಡು ವರ್ಷಗಳು ಹೇಳದೆಯೇ ನೆನಪಿರುತ್ತವೆ. ಒಂದು 1979: ಅಮೆರಿಕದ 77 ಟನ್ ತೂಕದ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಹಳ್ಳಿಹಳ್ಳಿಯಲ್ಲಿ ಅಂಜಿಕೆ ಹಬ್ಬಿತ್ತು. ಜುಲೈ 11ರಂದು ಅದು ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಪಡುವಣ ಭಾಗದಲ್ಲಿ ಚೂರಾಗಿ ಬಿತ್ತು. ಇನ್ನೊಂದು 1980ರ ಫೆಬ್ರವರಿ 16: ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾಯ್ದುಹೋಯಿತು. ಅದನ್ನು ನೋಡಲು ಹೊರಗಿನ ವಿಜ್ಞಾನಿಗಳು ಇಲ್ಲಿ ಬಂದು ಬಿಡಾರ ಹೂಡಿದರು. ಊರವರಲ್ಲಿ ಬಹಳ ಜನ ಬಾಗಿಲು ಹಾಕಿಕೊಂಡು ಒಳಗಿದ್ದರು. ಆ ಮಧ್ಯಾಹ್ನ ಹೊರಗೆ ಬಂದು, ಕತ್ತಲಾದ ಬಾನಿನಲ್ಲಿ ಹಗಲು ಚಿಕ್ಕಿ ಕಂಡವರ ಮಾತುಗಳನ್ನು ಈಗಲೇ ಬರೆದುಕೊಳ್ಳಬೇಕು. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತೈದು ದಾಟಿದೆ.

ಕಂಡದ್ದನ್ನು ಬರೆದಿಡುವ ಪದ್ಧತಿ ನಮಗೆ ಹೊಸತಲ್ಲ. ಗ್ರಹಣ, ಸಂಕ್ರಮಣದ ಹೊತ್ತಿಗೆ ಕೊಟ್ಟ ದಾನಗಳ ಶಾಸನಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರ ಜೊತೆಗೂಡಿ ಇಂಥ ಶಾಸನಗಳಲ್ಲಿನ ಖಗೋಳ ವಿವರಗಳನ್ನು ಒಟ್ಟುಮಾಡಿ ಪುಸ್ತಕವನ್ನೇ ತಂದಿದ್ದಾರೆ. ಶ್ರೀಶೈಲದ ಮಲ್ಲಿಕಾರ್ಜುನ ದೇಗುಲದಲ್ಲಿ ಸಿಕ್ಕ ತಾಮ್ರಪಟವೊಂದು 1456ರ ಜೂನ್ ತಿಂಗಳಿನದು. ಆ ವರ್ಷ ಹ್ಯಾಲಿ ಧೂಮಕೇತು ಕಂಡಿತ್ತು. ಧೂಮಕೇತುವಿನಿಂದ ಆಗಬಹುದಾದ ಉತ್ಪಾತದ ಶಾಂತಿಗಾಗಿ ವಿಜಯನಗರದ ದೊರೆ ಮಲ್ಲಿಕಾರ್ಜುನ ವಿದ್ವಾಂಸರೊಬ್ಬರಿಗೆ ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಅಂದಿನ ಭಯ ಬರಹದಲ್ಲಿ ಉಳಿದದ್ದರಿಂದ ಇಂದು ಅದು ಖಗೋಳ ಚರಿತ್ರೆಗೆ ಸಾಕ್ಷಿಯಾಗಿದೆ.

ಕನ್ನಡದಲ್ಲಿ ಈ ವಿಷಯವನ್ನು ಕುತೂಹಲದಿಂದ ಎತ್ತಿಕೊಂಡವರು ಪೂರ್ಣಚಂದ್ರ ತೇಜಸ್ವಿ; ‘ಫ್ಲೈಯಿಂಗ್ ಸಾಸರ್ಸ್’ ಎಂದು ಎರಡು ಭಾಗಗಳನ್ನೇ ಬರೆದರು. ಅತ್ತ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ರಚಿಸಿದರು. ನನಗೆ ಇಬ್ಬರೂ ಬೇಕು. ಕುತೂಹಲವಿಲ್ಲದೆ ಹಳ್ಳಿಗೆ ಹೋದರೆ ಯಾರೂ ಮಾತಾಡುವುದಿಲ್ಲ. ಪರೀಕ್ಷಿಸುವ ಮನಸ್ಸಿಲ್ಲದಿದ್ದರೆ ಕೇಳಿದ್ದೆಲ್ಲ ಒಂದೇ ರಾಶಿಯಾಗುತ್ತದೆ. ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ‘ಪ್ರಾಜೆಕ್ಟ್ ಬ್ಲೂ ಬುಕ್’ ನಡೆಸಿತು; 1947ರಿಂದ ಬಂದವೂ ಸೇರಿ ಅದರಲ್ಲಿ 12,618 ವರದಿಗಳಿದ್ದವು. ಕೊನೆಗೆ 701 ಗುರುತಾಗದೆ ಉಳಿದವು. ಅದಕ್ಕೆ ಸಲಹೆಗಾರರಾಗಿದ್ದ ಖಗೋಳಜ್ಞ ಅಲೆನ್ ಹೈನೆಕ್ ಮೊದಲು ಇದನ್ನೆಲ್ಲ ತಳ್ಳಿಹಾಕುತ್ತಿದ್ದವರು; ವರ್ಷಗಟ್ಟಲೆ ಸಾಕ್ಷಿದಾರರ ಜೊತೆ ಕೂತು ಮಾತಾಡಿದ ಮೇಲೆ, ವರದಿಗಳನ್ನು ಗಂಭೀರವಾಗಿ ಅಧ್ಯಯನ ಮಾಡಬೇಕು ಎಂಬ ನಿಲುವಿಗೆ ಬಂದರು. ನಾಸಾ ನೇಮಿಸಿದ ಸಮಿತಿಯೂ 2023ರ ಸೆಪ್ಟೆಂಬರಿನಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು: ಅನ್ಯಗ್ರಹದ ಮೂಲಕ್ಕೆ ಪುರಾವೆ ಇಲ್ಲ, ಇರುವ ಮಾಹಿತಿಯ ಗುಣಮಟ್ಟ ಸಾಲದು, ಚೆನ್ನಾಗಿ ಸಂಗ್ರಹಿಸಿ.

ಫ್ರಾನ್ಸಿನಲ್ಲಿ ಆ ಕೆಲಸ ಸರ್ಕಾರದಿಂದಲೇ ನಡೆದಿದೆ. ಅಲ್ಲಿಯ ಬಾಹ್ಯಾಕಾಶ ಸಂಸ್ಥೆಯೊಳಗೆ 1977ರಲ್ಲಿ ಆರಂಭವಾದ ವಿಭಾಗ ಇವತ್ತೂ ಜನರ ವರದಿಗಳನ್ನು ತೆಗೆದುಕೊಂಡು, ಪರೀಕ್ಷಿಸಿ, ಎ ಇಂದ ಡಿ ವರೆಗೆ ವರ್ಗ ಮಾಡಿ ಸಾರ್ವಜನಿಕರಿಗೆ ತೆರೆದಿಡುತ್ತದೆ. ಪೂರ್ತಿ ಗುರುತಾದದ್ದು ಎ. ಒಳ್ಳೆಯ ಮಾಹಿತಿ ಇದ್ದೂ ಗುರುತಾಗದ್ದು ಡಿ. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದು ತೆಂಕಣಕ್ಕೆ ಹೊರಟರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ನಮ್ಮ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಕಥೆ ಕೇಳುವ ಕಲೆ ಗೊತ್ತಿರುವವರು ಅಲ್ಲಿದ್ದಾರೆ, ಬಾನಿನ ಲೆಕ್ಕ ಗೊತ್ತಿರುವವರು ಇಲ್ಲಿದ್ದಾರೆ. ಹಂತಿ ಪದ, ಬೀಸುಕಲ್ಲಿನ ಪದಗಳನ್ನು ಊರೂರು ಸುತ್ತಿ ಬರೆದುಕೊಂಡ ನಾಡು ಇದು. ಆ ಪದ ಹೇಳುತ್ತ ರಾತ್ರಿಯಿಡೀ ಎತ್ತು ತಿರುವಿದವರು ತಲೆಯೆತ್ತಿದಾಗ ಕಂಡದ್ದನ್ನೂ ಅದೇ ಶ್ರದ್ಧೆಯಿಂದ ಬರೆದುಕೊಳ್ಳಬಹುದು. ವಿದ್ಯಾರ್ಥಿಗಳ ಕೈಗೆ ಒಂದು ಪುಟದ ಪಟ್ಟಿ ಸಾಕು: ತಿಥಿ, ಹೊತ್ತು, ನಿಂತ ಜಾಗ, ದಿಕ್ಕು, ಎಷ್ಟು ಮುಷ್ಟಿ ಎತ್ತರ, ಎಷ್ಟು ಹೊತ್ತು, ಸಪ್ಪಳ, ಜೊತೆಗೆ ಯಾರಿದ್ದರು, ಆಗ ಏನು ಕೆಲಸ ಮಾಡುತ್ತಿದ್ದರು. ಅದರ ಕೆಳಗೆ ಹೇಳಿದವರ ಮಾತು, ಅವರ ಭಾಷೆಯಲ್ಲೇ, ತಿದ್ದದೆ. ‘ಅದು ಏನು’ ಎಂಬ ಜಾಗವನ್ನು ಮಾತ್ರ ಖಾಲಿ ಬಿಡಬೇಕು. ಸಾಕ್ಷಿದಾರರ ಎದುರಿಗೆ ಅದನ್ನು ತುಂಬಬಾರದು. ತುಂಬಿದರೆ ಮುಂದಿನ ಸಲ ಅವರು ನಾವು ಹೇಳಿದ್ದನ್ನೇ ನಮಗೆ ಹೇಳುತ್ತಾರೆ.

ಕಲಘಟಗಿಯ ಹತ್ತಿರದ ಒಂದು ಮನೆಯವರ ಪುಟದಲ್ಲಿ ನಾನು ಆ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. ಕೆರೆಯ ಹಿನ್ನೀರಿಗೆ ತಾಗಿದ ಬತ್ತದ ಗದ್ದೆ. ಮಳೆ ಬಿಟ್ಟ ರಾತ್ರಿಗಳಲ್ಲಿ, ಮೊಣಕಾಲೆತ್ತರದಲ್ಲಿ, ನೀಲಿಗೆ ತಿರುಗಿದ ಮಸುಕು ಬೆಳಕೊಂದು ಕಾಣುತ್ತದೆ ಎಂದು ಅತ್ತೆ, ಸೊಸೆ, ಮಗ ಮೂವರೂ ಬೇರೆ ಬೇರೆ ಕೂತಾಗ ಒಂದೇ ಜಾಗ ತೋರಿಸಿದರು. ಬ್ಯಾಟರಿ ಹಿಡಿದು ಹತ್ತಿರ ಹೋದರೆ ಇರುವುದಿಲ್ಲವಂತೆ. ಅತ್ತೆ ಅದನ್ನು ಕೊಳ್ಳಿದೆವ್ವ ಎಂದೇ ಕರೆಯುತ್ತಾರೆ; ಅಂಜಿಕೆ ಏನೂ ಇಲ್ಲ. ‘ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು’ ಎಂದರು.

ಜೌಗು ನೆಲದಲ್ಲಿ ಕೊಳೆತ ಸೊಪ್ಪು ಸದೆಯಿಂದ ಹುಟ್ಟುವ ಮೀಥೇನ್ ಅನಿಲವೇ ಇಂಥ ಬೆಳಕಿಗೆ ಮೂಲ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ತಣ್ಣನೆಯ ಗದ್ದೆಯಲ್ಲಿ ಅದಕ್ಕೆ ಕಿಡಿ ಎಲ್ಲಿಂದ ಬರುತ್ತದೆ ಎಂಬುದೇ ತೊಡಕಾಗಿತ್ತು. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಝೇರ್ ಅವರ ತಂಡ, ನೀರಿನೊಳಗಿನ ಸಣ್ಣ ಸಣ್ಣ ಮೀಥೇನ್ ಗುಳ್ಳೆಗಳ ನಡುವೆ ವಿದ್ಯುತ್ ಕಿಡಿ ತಾನಾಗಿ ಹಾರುವುದನ್ನು ಪ್ರಯೋಗಾಲಯದಲ್ಲಿ ತೋರಿಸಿತು. ಬಿಸಿಯಿಲ್ಲದ ನೀಲಿ ಬೆಳಕಿಗೆ ಅದು ಕಾರಣವಾಗಬಹುದು ಎಂದರು. ಪ್ರಯೋಗಾಲಯದ ಗುಳ್ಳೆಗೂ ಕಲಘಟಗಿಯ ಗದ್ದೆಗೂ ನಡುವೆ ಇನ್ನೂ ದೂರವಿದೆ. ಆ ಮನೆಯವರು ತೋರಿಸಿದ ಜಾಗಕ್ಕೆ ಕಲ್ಲು ನೆಟ್ಟು ಗುರುತು ಮಾಡಿದ್ದೇವೆ. ಬೆಳಕು ಕಂಡ ದಿನ ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದನ್ನು ಸೊಸೆ ವಹಿಸಿಕೊಂಡಿದ್ದಾರೆ. ಮುಂದಿನ ಮಳೆಗಾಲದಲ್ಲಿ ಮೀಥೇನ್ ಅಳೆಯುವ ಉಪಕರಣ ಇರುವವರು ಯಾರಾದರೂ ಬರುವುದಾದರೆ, ಗದ್ದೆಗೆ ಕರೆದುಕೊಂಡು ಹೋಗಲು ಮಗ ಒಪ್ಪಿದ್ದಾನೆ. ನಾಟಿ ಮಾಡಿದ ಸಾಲು ತುಳಿಯಬಾರದು, ಬದುವಿನ ಮೇಲೇ ನಡೆಯಬೇಕು ಎಂಬ ಒಂದೇ ಶರತ್ತಿನ ಮೇಲೆ.